ಹುಳು ಜ್ವರಕ್ಕೆ ಕೂತ ದಿನ

ರೇಷ್ಮೆ ಹುಳು ಸಾಕುವ ಮನೆಯ ಪಂಚಾಂಗವೇ ಬೇರೆ. ನಮಗೆ ಸೋಮವಾರ, ಭಾನುವಾರ ಅಂತ ಇಲ್ಲ. ಸೊಪ್ಪು ಹಾಕುವ ದಿನ, ಜ್ವರದ ದಿನ, ಹುಳು ಹಣ್ಣಾಗಿ ಗೂಡು ಕಟ್ಟಲು ಹೊರಡುವ ದಿನ, ಇಷ್ಟೇ. ಜ್ವರ ಅಂದರೆ ಕಾಯಿಲೆಯಲ್ಲ. ಪೊರೆ ಬಿಡುವ ಹೊತ್ತಿಗೆ ಹುಳು ತಿನ್ನುವುದನ್ನು ನಿಲ್ಲಿಸಿ, ತಲೆ ಎತ್ತಿಕೊಂಡು ಅಲ್ಲಾಡದೆ ಕೂತುಬಿಡುತ್ತದೆ. ಅದಕ್ಕೆ ನಾವು ಜ್ವರಕ್ಕೆ ಕೂತಿದೆ ಎನ್ನುತ್ತೇವೆ. ಒಂದು ಹಗಲು ಒಂದು ರಾತ್ರಿ ಅದಕ್ಕೆ ಸೊಪ್ಪೂ ಬೇಡ, ನಾವೂ ಬೇಡ. ಈಗೆಲ್ಲ ಎರಡು ಜ್ವರ ಎದ್ದ ಮರಿಹುಳುವನ್ನೇ ಕೊಂಡು ತರುವುದರಿಂದ ಮನೆಯಲ್ಲಿ ಕಾಣುವುದು ಮೂರನೆಯ ಜ್ವರ ಮತ್ತು ನಾಲ್ಕನೆಯ ಜ್ವರ ಮಾತ್ರ. ಅಂದರೆ ಒಂದು ಬೆಳೆಗೆ ನನಗೆ ಸಿಗುವುದು ಎರಡೇ ರಜೆ.

ಹುಳುಮನೆಯಲ್ಲಿ ಹಗಲೂ ರಾತ್ರಿ ಸೊಪ್ಪು ಮೇಯುವ ಸದ್ದಿರುತ್ತದೆ, ಬಾಣಲೆಯಲ್ಲಿ ಸಣ್ಣ ಉರಿಗೆ ಏನೋ ಹುರಿಯುತ್ತಿರುವ ಹಾಗೆ. ಆ ಸದ್ದು ನಿಂತಿತು ಅಂದರೆ ನನ್ನ ಕಾಲು ಎದ್ದು ನಿಲ್ಲುತ್ತವೆ. ನನ್ನ ಗಂಡ ಹುಳುವಿನ ಮೇಲೆ ಸುಣ್ಣದ ಪುಡಿ ಉದುರಿಸಿ, ಬಾಗಿಲು ಮುಂದಕ್ಕೆಳೆದು, ಕೈ ತೊಳೆಯುವುದರೊಳಗೆ ನಾನು ಸೊಪ್ಪಿನ ಹೊರೆ ಹೇರುವ ಮೊಪೆಡ್ ಗಾಡಿಯನ್ನು ಅಂಗಳದಿಂದ ಈಚೆಗೆ ತಳ್ಳಿರುತ್ತೇನೆ. ಎಲ್ಲಿಗೆ ಎಂದು ಅವನು ಮೊದಮೊದಲು ಕೇಳುತ್ತಿದ್ದ. ಆಮೇಲೆ ಕೇಳುವುದನ್ನು ಬಿಟ್ಟು, "ಹುಳು ಏಳಾ ಒತ್ಗೆ ಬಂದ್ಬುಡು" ಎಂದಷ್ಟೇ ಹೇಳಲು ಶುರುಮಾಡಿದ. ನನ್ನ ಗಂಡ ಕೆಟ್ಟವನಲ್ಲ. ಹುಳುವಿಗೆ ಕೊಡುವ ಮರ್ಯಾದೆಯಲ್ಲಿ ಕಾಲುಭಾಗ ನನಗೂ ಕೊಟ್ಟಿದ್ದರೆ ನಾನು ಮಹಾರಾಣಿ.

ನಾನು ಹೊನ್ನೂರಿನವಳು. ಯಳಂದೂರು ಕಡೆಯ ಊರು, ಎತ್ತ ನೋಡಿದರೂ ಗದ್ದೆ, ಕಬ್ಬು, ತೆಂಗು, ಎಲ್ಲ ಚಪ್ಪಟೆ. ಹಿತ್ತಿಲಿಗೆ ಹೋದರೆ ಮಾತ್ರ ದೂರದಲ್ಲಿ ಬಿಳಿಗಿರಿರಂಗನ ಬೆಟ್ಟ ನೀಲಿಯಾಗಿ ಕಾಣುತ್ತಿತ್ತು. ಅದರಾಚೆ ಏನಿದೆ ಎಂದು ಅವ್ವನನ್ನು ಕೇಳಿದರೆ, "ಅದ್ರಾಚೆ ಕಾಡು, ಕಾಡ್ನಾಚೂ ಕಾಡು, ಮೊದ್ಲು ಸಗಣಿ ಎತ್ತಾಕು" ಎನ್ನುತ್ತಿದ್ದಳು. ನಾನು ಸಗಣಿ ಎತ್ತಿದೆ, ಮದುವೆಯಾದೆ, ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ದಾರಿಯ ಈ ಊರಿಗೆ ಬಂದೆ, ಒಬ್ಬ ಮಗಳನ್ನು ಹೆತ್ತು ಬೆಳೆಸಿ ಕಾಲೇಜಿನ ಹಾಸ್ಟೆಲಿಗೆ ಕಳಿಸಿದೆ. ಇಲ್ಲಿ ಬೆಟ್ಟಗಳು ಇನ್ನೂ ಹತ್ತಿರ, ಆದರೆ ಹುಳು ಬಿಟ್ಟು ಹೋಗುವಂತಿಲ್ಲ. ಗಾಡಿ ಕಲಿತ ಮೇಲೆ ಜ್ವರದ ದಿನಗಳಲ್ಲಿ ಗುಂಡಾಲ್ ಜಲಾಶಯದ ಹಿನ್ನೀರಿನ ಸುತ್ತ ಓಡಾಡಿದೆ. ಒಡೆಯರಪಾಳ್ಯದ ಆಚೆ ಕಾಡು ಇಳಿಯುವ ಕಡೆ ಹೋದೆ. ಭರಚುಕ್ಕಿಯ ಕೆಳಗಿನ ಬಂಡೆಗಳ ಮೇಲೆ ಒಬ್ಬಳೇ ಕೂತು ಕಟ್ಟಿಕೊಂಡು ಹೋದ ಮುದ್ದೆ ತಿಂದು ಬಂದೆ. ಇವಳ ಕಾಲಿಗೆ ಚಕ್ರ ಕಟ್ಟಿದ್ದಾರೆ ಎಂದು ಊರಿನವರು ಮೂಗು ಮುರಿದರು. ಮುರಿದುಕೊಳ್ಳಲಿ, ಅದು ಅವರ ಮೂಗು.

ನನ್ನ ಅತ್ತೆ ಮಾತ್ರ ಏನೂ ಅಂದಿರಲಿಲ್ಲ. ಗಾಡಿ ಹೊರಟರೆ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಸಂಜೆ ಬಂದಾಗಲೂ ಬಾಗಿಲಲ್ಲೇ ಇರುತ್ತಿದ್ದರು. ಅದನ್ನು ನಾನು ಕಾವಲು ಅಂದುಕೊಂಡಿದ್ದೆ, ಹಾಗಾಗಿ ಹೊಟ್ಟೆಯೊಳಗೆ ಸಣ್ಣ ಸಿಟ್ಟು ಇದ್ದೇ ಇರುತ್ತಿತ್ತು.

ಒಂದು ಮೂರನೆಯ ಜ್ವರದ ಬೆಳಿಗ್ಗೆ ನಾನು ಗಾಡಿ ಈಚೆಗೆ ತಳ್ಳುವಾಗ ಅತ್ತೆ ಅಂಗಳದಲ್ಲಿ ನಿಂತಿದ್ದರು. ಸ್ನಾನ ಮಾಡಿ ಹಣೆಗೆ ವಿಭೂತಿ ಇಟ್ಟಿದ್ದರು, ಕಂಕುಳಲ್ಲಿ ಬುತ್ತಿಯ ಚೀಲ, ಕಾಲಲ್ಲಿ ಚಪ್ಪಲಿ ಇಲ್ಲ.

"ನಾನೂ ಬತ್ತೀನಿ ಕಣ" ಅಂದರು.

"ಎಲ್ಲಿಗತ್ತೆ?"

"ಮಾದಪ್ಪನ ಬೆಟ್ಟಕ್ಕ. ನಡ್ಕಂಡು. ಅರ್ಕ ಅದ, ತೀರುಸ್ಬೇಕು."

ನಡೆದು ತೀರಿಸುವ ಹರಕೆ ಎಂದು ಕೇಳಿ ನಾನು ನಕ್ಕೆ. ಕೊಳ್ಳೇಗಾಲದ ಡಾಕ್ಟರು ಅವರ ಮಂಡಿಯ ಫೋಟೋ ತೆಗೆಸಿ ನೋಡಿ, ಮೂಳೆ ಸವೆದಿದೆ, ಇನ್ನು ಹೆಚ್ಚು ದಿನ ಈ ಕಾಲಲ್ಲಿ ಓಡಾಡಲು ಆಗುವುದಿಲ್ಲ ಎಂದು ಹೇಳಿ ಕಳಿಸಿದ್ದು ಅದೇ ವಾರ. ಮಲೆ ಮಹದೇಶ್ವರ ಬೆಟ್ಟಕ್ಕೆ ಗಟ್ಟಿಮುಟ್ಟಾದವರೇ ನಡೆದು ಹೋಗಬೇಕಾದರೆ ದಾರಿಯಲ್ಲಿ ಎರಡು ರಾತ್ರಿ ಮಲಗಬೇಕು.

"ನಿಮ್ ಮಂಡಿ ನೋಡ್ಕಂಡು ಮಾತಾಡಿ. ಒಂದಿನುಕ್ಕ ಓಗ್ಬರಾ ದಾರಿಯಾ ಅದು?"

"ಒಂದಿನುಕ್ಕ ಯಾರೋದಾರು. ಇವತ್ತೊಸಿ, ಮುಂದ್ಲ ಜ್ವರುಕ್ಕೊಸಿ. ನಿಂತ ತಾವ್ಲಿಂದ್ಲೇ ಮತ್ತ ಸುರು ಮಾಡದು. ಇಂಗೇ ಓಯ್ತಾ ಇದ್ರ ಒಂದಿನ ತಲುಪ್ನಿಲ್ವಾ? ಕಾಲಿರಾಗಂಟ ತೀರುಸ್ಬುಡ್ಬೇಕು ಕಣ. ಕಾಲ್ ಓದ್ಮೇಲ ಏನ್ ತಕಂಡ್ ನಡ್ಯದು?"

ಇಷ್ಟು ವರ್ಷ ಬಸ್ಸಿನಲ್ಲಿ ಬೆಟ್ಟಕ್ಕೆ ಹೋಗಿ ಬಂದಿದ್ದರು. ಆದರೆ ನಡೆದು ಬರುತ್ತೇನೆ ಎಂದು ಬೇಡಿಕೊಂಡ ಹರಕೆ ಬಸ್ಸಿನಲ್ಲಿ ತೀರುವುದಿಲ್ಲವಂತೆ. ಎರಡು ಬೆಳೆಯ ನಡುವಿನ ದಿನಗಳು ಹುಳುಮನೆ ತೊಳೆಯುವುದಕ್ಕೆ, ತೋಟ ಕಳೆ ತೆಗೆಯುವುದಕ್ಕೆ ಸಾಲದು. ಹಾಗಾಗಿ ಹರಕೆ ಉಳಿದೇ ಹೋಗಿತ್ತು. ಈಗ ಮಂಡಿ ಉಳಿಯುತ್ತಿಲ್ಲ. ಅವರ ಅವಸರ ನನಗೆ ಅರ್ಥವಾಯಿತು, ಆದರೆ ನನಗಾದ ಹೊಟ್ಟೆಯುರಿಯೂ ಸುಳ್ಳಲ್ಲ. ಬೆಳೆಗೆ ಎರಡೇ ರಜೆ, ಅದರಲ್ಲೂ ಈಗ ಅತ್ತೆಯ ಹಿಂದೆ.

ನಡೆಯುವ ಕ್ರಮ ನಾವೇ ಮಾಡಿಕೊಂಡೆವು. ಅತ್ತೆ ನಡೆಯುವುದು. ನಾನು ಗಾಡಿಯಲ್ಲಿ ಮುಂದೆ ಹೋಗಿ ನೆರಳಿರುವ ಕಡೆ ಕಾಯುವುದು. ಅವರು ಬಂದು ಕೂತು, ನೀರು ಕುಡಿದು, ಮತ್ತೆ ಏಳುವುದು. ಮಂಡಿ ಸಾಕು ಅಂದ ಜಾಗದಲ್ಲಿ ಅತ್ತೆ ರಸ್ತೆಯ ಬದಿಗೆ ಮೂರು ಕಲ್ಲು ಒಂದರ ಮೇಲೊಂದು ಇಟ್ಟು, ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಗಾಡಿ ಹತ್ತುತ್ತಿದ್ದರು. ಮುಂದಿನ ಜ್ವರಕ್ಕೆ ಅದೇ ಕಲ್ಲಿನವರೆಗೆ ಗಾಡಿ, ಅಲ್ಲಿಂದ ನಡಿಗೆ. ಮೊದಲ ಸಲ ಮನೆಯ ಬಾಗಿಲಿಂದ ಕಾಮಗೆರೆಯ ಈಚೆಯವರೆಗೆ ಬಂದೆವು. ಹನೂರಿನ ಸಂತೆಯ ಗದ್ದಲ ದಾಟುವಷ್ಟರಲ್ಲಿ ಇನ್ನೊಂದು ಬೆಳೆಯೇ ಮುಗಿಯಿತು.

ಕಾಯುವುದು ನನ್ನ ಜಾತಕದಲ್ಲಿ ಬರೆದಿಲ್ಲ. ಮರದ ಕೆಳಗೆ ಕೂತರೆ ಮೈಮೇಲೆ ಇರುವೆ ಹರಿದ ಹಾಗಾಗುತ್ತದೆ. ಅತ್ತೆ ದೂರದಲ್ಲಿ ಚುಕ್ಕಿಯಷ್ಟು ಕಾಣುತ್ತಿದ್ದಂತೆ ನಾನು ಪಕ್ಕದ ಯಾವುದಾದರೂ ಕಾಲುದಾರಿ ಹಿಡಿದು ಒಳಗೆ ಹೋಗಿ ಬರುತ್ತಿದ್ದೆ. ಹನೂರು ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಹಳ್ಳಗಳು ಶುರುವಾಗುತ್ತವೆ. ಮೇಲಿನಿಂದ ನೋಡಿದರೆ ಬರೀ ಜಾಲಿ, ಲಾಂಟಾನ. ನಾಲ್ಕು ಹೆಜ್ಜೆ ಇಳಿದರೆ ಕಲ್ಲು ಕೊರೆದ ಕೊರಕಲು, ಅದರ ತಳದಲ್ಲಿ ಮರಳು, ಮರಳಿನ ಮೇಲೆ ರಾತ್ರಿ ನೀರಿಗೆ ಬಂದವುಗಳ ಹೆಜ್ಜೆ. ಇದನ್ನು ನೋಡಿ ನಾನು ಓಡಿ ಬಂದು ಅತ್ತೆಗೆ ಹೇಳಿದರೆ ಅವರು ರಸ್ತೆಯ ಬಿಳಿ ಗೆರೆಯಿಂದ ಕಣ್ಣು ತೆಗೆಯದೆ "ಊಂ" ಎನ್ನುತ್ತಿದ್ದರು. ಅವರಿಗೆ ಬೇಕಾಗಿದ್ದು ದಾರಿ ಸವೆಯುವುದು, ನನಗೆ ದಾರಿ ಬಿಡುವುದು.

ಒಂದು ಸಲ ಹೋಗಿ ನೋಡಿದರೆ ಕಲ್ಲು ಇಲ್ಲ. ರಸ್ತೆ ಅಗಲ ಮಾಡುವವರು ಜೆಸಿಬಿಯಲ್ಲಿ ಬದಿಯನ್ನೆಲ್ಲ ಕೆರೆದು ಹಾಕಿದ್ದರು.

"ಇಲ್ಲೇಯ ಇದ್ದುದ್ದು, ಬೇವಿನ್ ಮರುದ್ ತಾವ" ಅಂದೆ.

"ಬೇವಿನ್ ಮರ ಎಲ್ಲದ?"

ಬೇವಿನ ಮರವೂ ಇರಲಿಲ್ಲ. ಅಂದಾಜಿನಲ್ಲಿ ಶುರುಮಾಡಿ ಅಂದರೆ ಅತ್ತೆ ಕೇಳಲಿಲ್ಲ. ಅಂದಾಜಿಗೆ ನಡೆದರೆ ನಡುವೆ ಎರಡು ಮಾರು ಬಿಟ್ಟುಹೋದರೂ ಹರಕೆ ತೂತು ಬೀಳುತ್ತದಂತೆ. ಅವರಿಗೆ ಖಂಡಿತವಾಗಿ ನೆನಪಿದ್ದ ಹಿಂದಿನ ಸೇತುವೆಗೆ ವಾಪಸ್ ಕರೆದುಕೊಂಡು ಹೋಗಬೇಕಾಯಿತು. ಒಮ್ಮೆ ನಡೆದ ದಾರಿಯನ್ನೇ ಅವರು ಮತ್ತೆ ನಡೆದರು, ಒಮ್ಮೆ ಕಾದ ದಾರಿಯಲ್ಲೇ ನಾನು ಮತ್ತೆ ಕಾದೆ. ಆ ದಿನ ನಾನು ಅವರ ಜೊತೆ ಮಾತಾಡಲಿಲ್ಲ. ಅವರಿಗೆ ಅದು ಗೊತ್ತೇ ಆಗಲಿಲ್ಲ.

ಕೌದಳ್ಳಿಗೆ ತಲುಪಿದ ದಿನ ಹೋಟೆಲಿನ ಬೆಂಚಿನ ಮೇಲೆ ಕೂತು ಟೀ ಕುಡಿಯುವಾಗ ಸುಮ್ಮನೆ ಕೇಳಿದೆ. "ಅತ್ತೆ, ಏನಂತ ಅರ್ಕ ಮಾಡ್ಕಂಡಿದ್ದಿರಿ?"

ಅತ್ತೆ ಬನ್ನನ್ನು ಟೀಯಲ್ಲಿ ಅದ್ದಿ ತಿಂದು ಮುಗಿಸಿದರು. ಸೆರಗಿನಿಂದ ಬಾಯಿ ಒರೆಸಿಕೊಂಡರು.

"ನಿನ್ ಕಾಲು ನಮ್ಮನೇಲಿ ನಿಲ್ಲಲಿ ಅಂತ."

ನಾನು ಟೀ ಲೋಟ ಕೆಳಗಿಟ್ಟೆ. ಅವರೇ ಮುಂದುವರಿಸಿದರು. ಮದುವೆಯಾದ ಮೊದಲ ವರ್ಷ ನಾನು ಹೇಳದೆ ಕೇಳದೆ ಬಸ್ಸು ಹತ್ತಿ ಹೊನ್ನೂರಿಗೆ ಹೋಗಿಬಿಡುತ್ತಿದ್ದೆನಲ್ಲ, ಆಗಿನ ಮಾತು. ಹುಳುವಿನ ವಾಸನೆ, ಬಾಗಿಲು ಮುಚ್ಚಿದ ಮನೆ, ನನಗೆ ಉಸಿರು ಕಟ್ಟುತ್ತಿತ್ತು. ಪ್ರತಿ ಸಲ ಕರೆದುಕೊಂಡು ಬರಲು ಗಂಡ ಬರುತ್ತಿರಲಿಲ್ಲ, ಅತ್ತೆ ಬರುತ್ತಿದ್ದರು. ಬೈಯುತ್ತಿರಲಿಲ್ಲ. ನಮ್ಮ ಜಗುಲಿಯ ಮೇಲೆ ಕೂತು ಅವ್ವ ಕೊಟ್ಟ ಮಜ್ಜಿಗೆ ಕುಡಿದು, ನಾನು ಚೀಲ ತೆಗೆದುಕೊಂಡು ಬರುವವರೆಗೆ ಕಾಯುತ್ತಿದ್ದರು. ಹಾಗೆ ಒಂದು ಸಲ ಹೊನ್ನೂರಿನ ಬಸ್ ಸ್ಟಾಪಿನಲ್ಲಿ ನಿಂತಾಗ ಬೇಡಿಕೊಂಡಿದ್ದಂತೆ, ಈ ಹೆಣ್ಣಿನ ಕಾಲು ನಿಲ್ಲಿಸು ಮಾದಪ್ಪ, ನಾನು ನಡೆದು ಬರುತ್ತೇನೆ ಎಂದು.

ನನಗೆ ಮೈಯೆಲ್ಲ ಉರಿದುಹೋಯಿತು. "ಅಂದ್ರ, ನನ್ ಕಾಲ್ ಕಟ್ಟಾಕಕ್ಕ ನಾನೇ ಗಾಡಿ ಓಡುಸ್ತಾ ಇವ್ನಿ?"

"ಅದ್ಕೇಯ ಯೋಳಿರ್ನಿಲ್ಲ."

"ನಿನ್ನ್ ಮೊಮ್ಮಗ್ಳು ಕಾಲೇಜ್ಗ ಓಯ್ತಾವ್ಳ. ಇನ್ನೂ ಎಲ್ಲಿಗೋದೇನು ನಾನು?" ಸಿಟ್ಟಿನಲ್ಲಿ ಬಹುವಚನ ಬಿಟ್ಟುಹೋಯಿತು.

"ನಿಂಗ್ ಗೊತ್ತಿಲ್ಲ ಕಣ. ನೀನು ಗಾಡಿ ತಕಂಡ್ ಓದಾಗ್ಲೆಲ್ಲ ಇವತ್ ಬತ್ತಾಳಾ ಇಲ್ವಾ ಅಂತ ಬಾಗ್ಲಲ್ಲೇ ಕೂತಿರ್ತೀನಿ. ನಿನ್ ಕಾಲು ನಿಂತಿಲ್ವಲ್ಲ ಇನ್ನೂವಿ. ಮಾದಪ್ಪುಂದೇನ್ ತಪ್ಪು, ನಾನ್ ಅರ್ಕ ತೀರುಸ್ನಿಲ್ಲ, ಅವ್ನು ನಡುಸ್ಕೊಡ್ನಿಲ್ಲ."

ಅವರು ಅಂದದ್ದು ಅಷ್ಟೇ. ಮತ್ತೆ ಎದ್ದು ನಡೆಯಲು ಶುರುಮಾಡಿದರು. ನಾನು ಬೆಂಚಿನ ಮೇಲೆ ಕೂತೇ ಇದ್ದೆ. ಬಾಗಿಲಲ್ಲಿ ನಿಲ್ಲುತ್ತಿದ್ದದ್ದು ಕಾವಲಲ್ಲ, ಭಯ ಎಂದು ಗೊತ್ತಾದ ಮೇಲೆ ಸಿಟ್ಟು ಇಳಿಯಬೇಕಿತ್ತು. ಇಳಿಯಲಿಲ್ಲ. ದೇವರಿಗೆ ನಾನು ಅಷ್ಟು ಹೆದರುವವಳಲ್ಲ, ಆದರೆ ಹರಕೆ ಅಂದರೆ ಎಲ್ಲೋ ಒಳಗೆ ಅಳುಕು. ಈ ಮುದುಕಿ ಇಷ್ಟು ಹಟ ಹಿಡಿದು ನಡೆದು ಮುಗಿಸಿದ ದಿನ ನಿಜವಾಗಿಯೂ ನನ್ನ ಕಾಲು ನಿಂತುಬಿಟ್ಟರೆ? ಜ್ವರದ ದಿನ ಬಂದರೂ ಗಾಡಿ ತೆಗೆಯಬೇಕು ಅನ್ನಿಸದೇ ಹೋದರೆ? ಆ ರಾತ್ರಿ ನಿದ್ದೆಯಲ್ಲೂ ಕಾಲು ಜಾಡಿಸುತ್ತಿದ್ದೆ ಎಂದು ಗಂಡ ಬೆಳಿಗ್ಗೆ ದೂರಿದ.

ಮುಂದಿನ ಜ್ವರ ಬರುವಷ್ಟರಲ್ಲಿ ನಾನು ಹೋಗುವುದಿಲ್ಲ ಎಂದು ಹತ್ತು ಸಲ ನಿರ್ಧಾರ ಮಾಡಿದೆ. ಸದ್ದು ನಿಂತಿತು, ಕಾಲು ಎದ್ದವು, ಹೊರಟೆ. ಮನೆಯಲ್ಲಿ ಕೂರುವುದಕ್ಕಿಂತ ನನ್ನನ್ನು ಕಟ್ಟಿಹಾಕುವ ದಾರಿಯಲ್ಲಿ ಹೋಗುವುದೇ ವಾಸಿ ಅನ್ನಿಸಿತು ಅಂದರೆ ನನ್ನ ಸ್ಥಿತಿ ಎಂಥದ್ದು ಎಂದು ನೀವೇ ಲೆಕ್ಕ ಹಾಕಿ.

ಆ ದಿನ ತಾಳಬೆಟ್ಟ ಇನ್ನೂ ಸ್ವಲ್ಪ ದೂರವಿದೆ ಅನ್ನುವಾಗ ರಸ್ತೆಯ ಪಕ್ಕದಲ್ಲಿ ನೆಲ ಥಟ್ಟನೆ ಕುಸಿದು ಒಂದು ಕಮರಿ ತೆರೆದುಕೊಂಡಿತ್ತು. ಗಾಡಿ ನಿಲ್ಲಿಸಿ, ಅತ್ತೆ ಎಷ್ಟು ಹಿಂದಿದ್ದಾರೆ ಎಂದೂ ನೋಡದೆ ಇಳಿದೆ. ದನ ಇಳಿಯುವ ದಾರಿ, ಕಾರೆ ಮುಳ್ಳು ಸೀರೆ ಹಿಡಿದು ಎಳೆಯುತ್ತಿತ್ತು. ಕೆಳಗೆ ಬಿದಿರು, ಬಿದಿರಿನ ಕೆಳಗೆ ಮನೆಯಷ್ಟು ಅಗಲದ ಬಂಡೆಗಳು, ಬಂಡೆಯ ಸಂದಿನಲ್ಲಿ ಸೀಳಿ ಬರುವ ತೆಳು ನೀರು ಒಂದು ಕಪ್ಪು ಮಡುವಿಗೆ ಬೀಳುತ್ತಿತ್ತು. ಎದುರಿನ ಗೋಡೆಯಂಥ ಕಲ್ಲಿನಲ್ಲಿ ಹೆಜ್ಜೇನು ಕಟ್ಟಿತ್ತು. ಕಪ್ಪು ಮೂತಿಯ ಮುಸುವ ಕೋತಿಯೊಂದು ಮೇಲಿನಿಂದ ನನ್ನನ್ನು ನೋಡಿ ಕೆಮ್ಮಿ ಹೋಯಿತು. ಬಿಸಿಲು ತಳಕ್ಕೆ ಇಳಿದೇ ಇರಲಿಲ್ಲ. ಇನ್ನೆಷ್ಟು ದಿನ ಇದೆಲ್ಲ ನನಗೆ ಎಂದುಕೊಂಡು ಮಡುವಿನಲ್ಲಿ ಕಾಲು ಇಳಿಬಿಟ್ಟು ಕೂತೆ. ಅತ್ತೆ ಕಾಯಲಿ ಎಂದುಕೊಂಡೇ ಕೂತೆ.

ಮೇಲಿನಿಂದ ಕೂಗು ಕೇಳಿಸಿತು. ನೋಡಿದರೆ ಅತ್ತೆ ಇಳಿಜಾರಿನ ಅರ್ಧದಲ್ಲಿ ಒಂದು ಬೇರು ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದಾರೆ. ಹತ್ತಲೂ ಆಗದು, ಇಳಿಯಲೂ ಆಗದು. ಓಡಿ ಹತ್ತಿ ರಟ್ಟೆ ಹಿಡಿದುಕೊಂಡೆ.

"ಯಾಕ್ ಇಳುದ್ರಿ? ಜಾರಿದ್ರ ಏನ್ ಗತಿ?"

"ಗಾಡಿ ಅದ, ನೀನಿಲ್ಲ. ಓಯ್ತು, ಇವತ್ ಓದ್ಳು ಅನ್ಕಂಡಿ."

"ಗಾಡಿ ಬುಟ್ಟು ಎಲ್ಲಿಗೋದೇನು ಅತ್ತೆ."

ಅತ್ತೆ, ಉಸಿರು ಹಿಡಿತಕ್ಕೆ ಬಂದ ಮೇಲೆ ನನ್ನ ಭುಜದ ಮೇಲಿಂದ ಕೆಳಗೆ ನೋಡಿದರು. ಬಿದಿರು, ಬಂಡೆ, ನೀರು. ಎಷ್ಟೋ ಹೊತ್ತು ನೋಡಿದರು.

"ಇದ್ನಾ ನೀನು ನೋಡಾಕ್ ಬರದು?"

"ಊಂ."

"ನೀರು ತಣ್ಗದಾ?"

ಮೇಲಕ್ಕೆ ಹತ್ತಿಸಬೇಕಾಗಿದ್ದವರನ್ನು ನಾನು ಕೆಳಕ್ಕೆ ಇಳಿಸಿದೆ. ಕೂತು, ಜಾರಿ, ನನ್ನ ಕುತ್ತಿಗೆಗೆ ಜೋತುಬಿದ್ದು ಹೇಗೋ ಇಳಿದರು. ಸೀರೆ ಎತ್ತಿ ಎರಡೂ ಮಂಡಿಯನ್ನು ಆ ತಣ್ಣನೆಯ ಮಡುವಿನಲ್ಲಿ ಅದ್ದಿಕೊಂಡು ಕೂತವರು ಏಳುವ ಮಾತೇ ಆಡಲಿಲ್ಲ. ಹೆಜ್ಜೇನು ತೋರಿಸಿದರು. ಆ ಕಲ್ಲಿನ ಮೇಲೆ ನೀರು ಎಲ್ಲಿಂದ ಬರುತ್ತದೆ ಎಂದು ಕೇಳಿದರು. ಮಳೆಗಾಲದಲ್ಲಿ ಇದು ಹೇಗಿರುತ್ತದೋ ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ಬುತ್ತಿ ಬಿಚ್ಚಿದೆವು. ಹೊತ್ತಾಯಿತು ಅತ್ತೆ ಎಂದು ನಾನು, ನನ್ನಂಥವಳು, ಅವಸರ ಮಾಡಬೇಕಾಯಿತು. ಅವರನ್ನು ಮೇಲಕ್ಕೆ ತರುವಷ್ಟರಲ್ಲಿ ನನ್ನ ಸೊಂಟ ಬಿದ್ದುಹೋಗಿತ್ತು, ಹೊತ್ತೂ ಇಳಿದಿತ್ತು. ಆ ದಿನ ಹೊಸ ಕಲ್ಲು ಇಡಲೇ ಇಲ್ಲ.

ಮನೆಗೆ ಬರುವಾಗ ಹುಳುಮನೆಯಿಂದ ಆ ಹುರಿಯುವ ಸದ್ದು ಕೇಳಿಸುತ್ತಿತ್ತು. ಗಂಡ ಸೊಪ್ಪು ಹಾಕಿಬಿಟ್ಟಿದ್ದ. ಅಷ್ಟೋ ಇಷ್ಟೋ ಹುಳು ಎದ್ದು ಹರಿದಾಡುವುದನ್ನು ನೋಡಿ, ನಾವು ಬರಲಿಲ್ಲ ಎಂಬ ಕೋಪಕ್ಕೆ, ಮಿಕ್ಕವು ಏಳುವವರೆಗೂ ಕಾಯದೆ ಹಾಕಿದ್ದ. ಇದನ್ನು ಯಾವ ಸಾಕಣೆದಾರನೂ ಮಾಡಬಾರದು. ಎದ್ದವು ತಿಂದು ಮುಂದೆ ಹೋಗುತ್ತವೆ, ಏಳದವು ಸೊಪ್ಪಿನ ಕೆಳಗೆ ಬಿದ್ದು ಹಿಂದೆ ಉಳಿಯುತ್ತವೆ. ಆ ಬೆಳೆ ಕೊನೆಯವರೆಗೂ ಏರುಪೇರಾಯಿತು. ಅರ್ಧ ಹುಳು ಹಣ್ಣಾಗಿ ಗೂಡು ಕಟ್ಟಲು ಜಾಗ ಹುಡುಕುತ್ತಿದ್ದರೆ ಇನ್ನರ್ಧ ಸೊಪ್ಪಿಗೆ ಬಾಯಿ ತೆರೆದಿದ್ದವು. ಒಂದೊಂದನ್ನೇ ಕೈಯಲ್ಲಿ ಆರಿಸಿ, ಗೂಡು ಕಟ್ಟುವ ಬಿದಿರಿನ ತಟ್ಟಿಗೆ, ಚಂದ್ರಿಕೆಗೆ, ಬಿಟ್ಟೆವು.

"ಇವ್ಳ್ ಗಾಳಿ ನಿಂಗೂ ತಗುಲ್ಬುಡ್ತಾ ಅವ್ವ?" ಎಂದ ಗಂಡ. "ಇನ್ಮೇಲೆ ಜ್ವರುದ್ ದಿನ ಇಬ್ರೂ ಮನೇಲಿರಿ."

ಸೊಪ್ಪು ಅವಸರದಲ್ಲಿ ಹಾಕಿದ್ದು ನೀನು ಎಂದು ನಾನು ಜಗಳಕ್ಕೆ ನಿಂತೆ. ಅತ್ತೆ ಹುಳು ಆರಿಸುತ್ತಿದ್ದರು. ತಪ್ಪು ತಮ್ಮದು ಅನ್ನುವ ಮುಖ. ಆದರೆ ಆ ಮುಖದೊಳಗೆ ಇನ್ನೊಂದು ಏನೋ ಇತ್ತು. ನನಗೆ ಅದು ಗೊತ್ತು, ಕನ್ನಡಿಯಲ್ಲಿ ನೋಡಿ ನೋಡಿ ಗೊತ್ತು.

ಮುಂದಿನ ಬೆಳೆಯ ಮೂರನೆಯ ಜ್ವರಕ್ಕೆ ನಾವಿಬ್ಬರೂ ಮನೆಯಲ್ಲೇ ಇದ್ದೆವು. ನಾನು ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ. ಅತ್ತೆ ಜಗುಲಿಯಲ್ಲಿ ಕೂತರು, ಎದ್ದರು, ಅಂಗಳಕ್ಕೆ ಹೋದರು, ಬೆಟ್ಟದ ದಿಕ್ಕು ನೋಡಿದರು, ಮತ್ತೆ ಬಂದು ಕೂತು ಮಂಡಿ ನೀವಿಕೊಂಡರು. ಮಂಡಿ ಆ ತಿಂಗಳು ಇನ್ನೂ ಊದಿಕೊಂಡಿತ್ತು. ನನಗೆ ಪಾಪ ಅನ್ನಿಸಿತು. ನನ್ನನ್ನು ಕಟ್ಟಿಹಾಕುವ ಹರಕೆಯೇ ಆಗಲಿ, ಕಾಲು ಹೋಗುವ ಮುಂಚೆ ಅದು ತೀರದೆ ಉಳಿದರೆ ಈ ಹೆಂಗಸು ನೆಮ್ಮದಿಯಾಗಿ ಇರುವುದಿಲ್ಲ ಎಂದು ಆಗ ನಿಜವಾಗಿ ಅನ್ನಿಸಿತು.

ನಾಲ್ಕನೆಯ ಜ್ವರದ ಬೆಳಿಗ್ಗೆ ನಾನೇ ಗಾಡಿ ಈಚೆಗೆ ತಳ್ಳಿದೆ. ಗಂಡ ಬಾಯಿ ತೆರೆಯುವ ಮುಂಚೆ ಅತ್ತೆ ಹೇಳಿದರು, "ನಾಕ್ನೇ ಜ್ವರ ಉದ್ದುದ್ದು. ನಾವ್ ಬರಗಂಟ ಸೊಪ್ ಮುಟ್ಬ್ಯಾಡ. ಅವೇನೂ ಅಸ್ಕಂಡ್ ಸಾಯಾಕಿಲ್ಲ." ಅವನು ಸುಣ್ಣದ ಕೈಯಲ್ಲೇ ನಿಂತಿದ್ದ.

ತಾಳಬೆಟ್ಟ ದಾಟಿ ಘಾಟಿ ಹತ್ತುವುದಕ್ಕೆ ಇನ್ನೂ ಕೆಲವು ಜ್ವರ ಬೇಕಾಯಿತು. ಚೆಕ್‌ಪೋಸ್ಟಿನವನಿಗೆ ನಮ್ಮ ಗುರುತಾಗಿಹೋಗಿತ್ತು. "ಅಕ್ಕ, ಬಿಸ್ಲಿದ್ದಂಗೇ ವಾಪಸ್ ಬಂದ್ಬುಡಿ, ಆನೆ ಓಡಾಡ್ತಾವ" ಅನ್ನುತ್ತಿದ್ದ. ಘಾಟಿಯಲ್ಲಿ ಅತ್ತೆ ಬದಲಾಗಿದ್ದರು. ರಸ್ತೆಯ ಬಿಳಿ ಗೆರೆ ನೋಡುವುದನ್ನು ಬಿಟ್ಟಿದ್ದರು. ಪ್ರತಿ ತಿರುವಿನಲ್ಲೂ ತಡೆಗೋಡೆ ಹಿಡಿದು ಕಣಿವೆಯೊಳಕ್ಕೆ ಬಗ್ಗುತ್ತಿದ್ದರು. ಉಘೇ ಮಾದಪ್ಪ ಎಂದು ಕೂಗಿಕೊಂಡು ನಡೆದು ಹೋಗುವ ಗುಂಪುಗಳು ನಮ್ಮನ್ನು ದಾಟಿ ಹೋಗುತ್ತಿದ್ದವು, ಅತ್ತೆ ಬಗ್ಗಿಯೇ ಇರುತ್ತಿದ್ದರು.

"ಆ ಬೆಟ್ಟುದ್ ಹಿಂದ ಏನದ?"

"ಇನ್ನೊಂದ್ ಬೆಟ್ಟ."

"ಅದ್ರ ಹಿಂದ?"

"ಅದಿಳುದ್ರ ಪಾಲಾರ್ ಹೊಳೆ. ಹೊಳೆ ದಾಟುದ್ರ ತಮಿಳ್ನಾಡು."

"ನೀನ್ ಓಗಿದ್ದಯಾ?"

"ಇಲ್ಲ" ಅಂದೆ. ಎಷ್ಟೋ ವರ್ಷದಿಂದ ಹೋಗಬೇಕು ಅನ್ನುವ ಆಸೆ. ಬೆಟ್ಟದ ಆಚೆ ಕಾಡಿನೊಳಗೆ ಒಬ್ಬಳೇ ಇಳಿಯುವ ಧೈರ್ಯ ಬಂದಿರಲಿಲ್ಲ. ಇನ್ನು ಬರುವುದೂ ಇಲ್ಲವೇನೋ ಎಂದು ಬಾಯಿಗೆ ಬಂತು, ನುಂಗಿಕೊಂಡೆ.

ಕೊನೆಯ ದಿನ ಇದೇ ಎಂದು ಇಬ್ಬರಿಗೂ ಗೊತ್ತಿತ್ತು. ನಾನು ಗಾಡಿಯನ್ನು ಒಂದು ತಿರುವಿನಲ್ಲಿ ನಿಲ್ಲಿಸಿ, ಉಳಿದದ್ದನ್ನು ಅವರ ಜೊತೆಯೇ ನಡೆಯುತ್ತೇನೆ ಎಂದೆ. ಅತ್ತೆ ನಿಧಾನ, ಒಂದು ಕೈ ಮಂಡಿಯ ಮೇಲೆ, ಒಂದು ಕೈ ನನ್ನ ಮೇಲೆ. ನನ್ನ ಕಾಲು ಆಗಲೇ ಭಾರವಾದ ಹಾಗೆ ಅನ್ನಿಸುತ್ತಿತ್ತು. ಬರೀ ಭ್ರಮೆ, ಏರುದಾರಿಗೆ ಯಾರ ಕಾಲಾದರೂ ಭಾರವೇ ಎಂದು ಸಮಾಧಾನ ಹೇಳಿಕೊಂಡೆ.

"ಅತ್ತೆ, ಇವತ್ ಮುಗುದ್ರ ನಾಳಿಂದ ನಾನು ಮನೇಲೇ ಇದ್ಬುಡ್ತೀನಾ?" ಎಂದು ಕೇಳಿದೆ. ತಮಾಷೆಗೆ ಕೇಳಿದ್ದು. ಆದರೂ ಅವರ ಮುಖವನ್ನೇ ನೋಡಿದೆ.

ಇನ್ನೊಂದು ತಿರುವು ತಿರುಗಿದರೆ ಗೋಪುರ ಕಂಡಿತು. ದೇವಸ್ಥಾನದ ಮೈಕಿನ ಸದ್ದು ಕೇಳಿಸುತ್ತಿತ್ತು. ಇನ್ನು ನಾಲ್ಕು ಹೆಜ್ಜೆ ಅನ್ನುವಷ್ಟು. ಅತ್ತೆ ನಿಂತರು. ನಿಂತವರು ರಸ್ತೆಯ ಬದಿಗೆ ಹೋಗಿ ಬಗ್ಗಿ ಒಂದು ಕಲ್ಲು ಎತ್ತಿಕೊಂಡರು. ಇನ್ನೊಂದು. ಇನ್ನೊಂದು. ತಡೆಗೋಡೆಯ ಬುಡದಲ್ಲಿ ಒಂದರ ಮೇಲೊಂದು ಇಟ್ಟು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು.

"ಅತ್ತೆ, ಇನ್ನಿಷ್ಟೇಯ. ಕಲ್ಯಾಕ? ಮಂಡಿ ನೋಯ್ತದಾ?"

"ಮಂಡಿ ಇದ್ದಂಗೇ ಅದ. ಗಾಡಿ ತಕಂಡ್ ಬಾ."

"ಇಷ್ಟ್ ದೂರ ಬಂದು?"

ಅತ್ತೆ ತಡೆಗೋಡೆಯ ಮೇಲೆ ಕೂತರು. ಗೋಪುರದ ಕಡೆಗೆ ಕೈ ಮುಗಿದರು. ಆಮೇಲೆ ನನ್ನ ಕಡೆ ನೋಡದೆ ಹೇಳಿದರು.

"ಪೂರಾ ನಡುದ್ಬುಟ್ರ ಅವ್ನು ನಡುಸ್ಕೊಟ್ಬುಡ್ತಾನ ಕಣ. ಮಾತ್ಗ ತಪ್ಪವ್ನಲ್ಲ ಅವ್ನು. ನಿನ್ ಕಾಲು ನಿಂತೋಯ್ತದ."

"ನೀವ್ ಬೇಡ್ಕಂಡಿದ್ದೇ ಅದು."

"ಆಗ ಬೇಡ್ಕಂಡಿ. ಆಗ ನಂಗೇನ್ ಗೊತ್ತಿತ್ತು." ಸೆರಗನ್ನು ಬೆರಳಿಗೆ ಸುತ್ತಿಕೊಂಡರು. "ನಿನ್ ಕಾಲು ನಿಂತೋದ್ರ ನನ್ ಯಾರ್ ಕರ್ಕಂಡ್ ಓದಾರು?"

ನನಗೆ ಅಳು ಬಂತು. ಅಳಬಾರದು ಎಂದು ಕೆಳಗಿನ ಕಣಿವೆ ನೋಡಿದೆ, ಅದೂ ಕಲಸಿಹೋಯಿತು. "ನಾನ್ ಎಲ್ಲಾರ ಓಗ್ಬುಟ್ರ? ಆ ಭಯ ಇಲ್ವಾ ನಿಮ್ಗ?"

"ಅದ" ಅಂದರು ಅತ್ತೆ. "ಇರ್ಲಿ ಬುಡು."

ನಾನು ಗಾಡಿ ತಂದೆ. ಅವರು ಹಿಂದೆ ಕೂತು ಎಂದಿನ ಹಾಗೆ ನನ್ನ ಸೊಂಟ ಹಿಡಿದುಕೊಂಡರು. ಘಾಟಿ ಇಳಿದು, ಕೌದಳ್ಳಿ, ಹನೂರು, ಕಾಮಗೆರೆ ದಾಟಿ ಬಿಸಿಲು ಮುಗಿಯುವ ಮುಂಚೆ ಮನೆಗೆ ಬಂದೆವು. ಗಂಡ ಹುಳುಮನೆಯ ಬಾಗಿಲಲ್ಲಿ ನಿಂತಿದ್ದ. ಸೊಪ್ಪು ಮುಟ್ಟಿರಲಿಲ್ಲ. "ಮುಗೀತಾ ಅವ್ವ ಅರ್ಕ?" ಎಂದು ಕೇಳಿದ. "ಒಸಿ ಅದ" ಎಂದು ಹೇಳಿ ಅತ್ತೆ ಬಚ್ಚಲಿಗೆ ಹೋದರು.

ಬೆಳಿಗ್ಗೆ ಹುಳು ಎದ್ದವು. ಎಲ್ಲವೂ ಏಳುವವರೆಗೆ ಕಾದು ಮೂವರೂ ಸೊಪ್ಪು ಹಾಕಲು ನಿಂತೆವು. ಹಸಿದ ಹುಳುಗಳು ಮುಗಿಬಿದ್ದವು, ಆ ಸದ್ದು ಮತ್ತೆ ಶುರುವಾಯಿತು. ಗಂಡ ಇನ್ನೊಂದು ಹೊರೆ ತರಲು ಹೊರಗೆ ಹೋದ. ರ್ಯಾಕಿನ ಆ ಕಡೆಯಿಂದ, ಸೊಪ್ಪಿನ ಕಡ್ಡಿಗಳ ಸಂದಿನಿಂದ, ಅತ್ತೆ ಮೆಲ್ಲಗೆ ಕೇಳಿದರು.

"ಆ ಪಾಲಾರ್‌ಗ ಎಷ್ಟೊತ್ಗ ಒರಡ್ಬೇಕು?"